ಎಡಗಾಲಿನ ವರದಿ

ಬೂಟಿನ ಜೊತೆ ಒಂದು ಹಾಳೆಯನ್ನೂ ಕಳಿಸಿದ್ದರು:
ವರ್ಷವಿಡೀ ಮೆಟ್ಟಿ ನಡೆಯಿರಿ,
ಹತ್ತಕ್ಕೆ ಎಷ್ಟು ಅಂಕ, ತುಂಬಿ.
ನೀರು ತಡೆಯಿತೆ? ಹಿಡಿತ ಹೇಗೆ? ಹಿತವೆ?
ಒಂದೊಂದು ಪ್ರಶ್ನೆಗೂ ಬೆರಳುಗುರಿನಷ್ಟು ಜಾಗ.

ನನ್ನ ಕೆಲಸ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ
ಕಾಲುದಾರಿ ದುರಸ್ತಿ.
ನಡೆದವರು ಕೆಡಿಸಿದ್ದನ್ನು
ನಡೆದೇ ಹೋಗಿ ಸರಿಮಾಡುವುದು.
ಎರಡು ಗಂಟೆ ಹತ್ತಿದರೆ ಕೆಲಸದ ಜಾಗ.
ಸಂಬಳ ಅಲ್ಲಿಂದ ಶುರು.

ನೀರು.
ಇಲ್ಲಿಯ ನೆಲ ನೆಲವಲ್ಲ, ಸಾವಿರಾರು ವರ್ಷ
ಪಾಚಿ ಕೊಳೆತು ಹಾಸಿದ ಕಪ್ಪು ಹಾಸಿಗೆ;
ಕಾಲಿಟ್ಟರೆ
ಮೊಣಕಾಲ ತನಕ ಕುಶಲ ವಿಚಾರಿಸುತ್ತದೆ.
ಮೇ, ಜೂನು, ಎರಡೂ ಕಾಲು ಒಣ.
ಆಗಸ್ಟಿನಲ್ಲಿ ಹೀದರ್ ಅರಳಿ
ಬೆಟ್ಟವೆಲ್ಲ ನೇರಳೆಯಾದಾಗಲೂ ಒಣ.
ಅಕ್ಟೋಬರ್ ಒಂಬತ್ತು, ಮಂಗಳವಾರ, ಹಳ್ಳ ದಾಟುವಾಗ
ಎಡಗಾಲ ಕಿರುಬೆರಳಿಗೆ ಮೊದಲು ತಿಳಿಯಿತು,
ತಣ್ಣಗೊಂದು ಪಿಸುಮಾತು.
ನವೆಂಬರಿಗೆ ಅದು ಮಾತಾಯಿತು.
ಡಿಸೆಂಬರಿಗೆ ಭಾಷಣ.
ಬಲಗಾಲು ಮಾತ್ರ ಒಲೆಯ ಪಕ್ಕದ ಬೆಕ್ಕು.
ಒಂದೇ ಚರ್ಮ, ಒಂದೇ ಹೊಲಿಗೆ,
ಒಂದೇ ಡಬ್ಬದ ಮೇಣ ತಿಕ್ಕಿದ್ದೇನೆ ಎರಡಕ್ಕೂ.
ಬರೆದೆ: ಎಡ ನಾಲ್ಕು, ಬಲ ಒಂಬತ್ತು.
ಸರಾಸರಿ ತೆಗೆದರೆ ಯಾವ ಕಾಲಿಗೂ ಹೊಂದುವುದಿಲ್ಲ.

ಹಿಡಿತ.
ಒಣ ಗ್ರಾನೈಟಿನ ಮೇಲೆ ಹಲ್ಲಿ.
ಒದ್ದೆ ಗ್ರಾನೈಟಿನ ಮೇಲೆ ಹಲ್ಲಿಯ ದೂರದ ನೆಂಟ.
ಪಾಚಿಗಟ್ಟಿದ ಹಲಗೆಯ ಮೇಲೆ, ಏನಾಯಿತೋ,
ನಾನು ಕೂತಿದ್ದೆ, ರೂರಿ ನಗುತ್ತಿದ್ದ,
ಚಹಾದ ಫ್ಲಾಸ್ಕು ತನ್ನ ಪಾಡಿಗೆ ಕಣಿವೆಗಿಳಿಯುತ್ತಿತ್ತು.
ಆರು.
ಫ್ಲಾಸ್ಕು ಸಿಗಲಿಲ್ಲವಾಗಿ ಐದೂವರೆ.

ಹಿತ.
ಮೊದಲ ಹತ್ತು ದಿನ ಕಚ್ಚಿತು.
ಕಚ್ಚದ ಬೂಟನ್ನು ನಾನು ನಂಬುವವಳಲ್ಲ.
ಹಿಮ್ಮಡಿಯ ಗುಳ್ಳೆ ಒಡೆದು, ಒಣಗಿ, ಕಾಯಿಗಟ್ಟಿ,
ಆಮೇಲೆ ಒಬ್ಬರ ಹಟ ಒಬ್ಬರಿಗೆ ರೂಢಿಯಾಯಿತು.

ಜನವರಿಯಲ್ಲಿ ಲೇಸು ಗಂಟುಹಾಕಿ ಜೋಡಿಯನ್ನು ಕೊರಳಿಗೆ ನೇತುಹಾಕಿಕೊಂಡು
ಬ್ಯಾಲಟರಿಗೆ ಹೋದೆ, ರಿಪೇರಿಯ ಮುದುಕ ಡಾಲ್‌ಗಾರ್ನೊ ಬಳಿಗೆ,
ಎಡಗಡೆಯದನ್ನು ಚೆನ್ನಾಗಿ ಬೈಯಲಿ ಎಂದು.
ಅವನು ಹೊಲಿಗೆ ನೋಡಲಿಲ್ಲ, ಒಳಗೆ ಕೈಯಾಡಿಸಲಿಲ್ಲ.
ಬೋರಲು ಮಾಡಿ, ಅಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದ,
ಕೈ ನೋಡಿ ಭವಿಷ್ಯ ಹೇಳುವವರ ಹಾಗೆ.

‘ಹಾರೆ ಯಾವ ಹೆಗಲ ಮೇಲೆ?’
ಬಲ, ಅಂದೆ.
‘ಎಷ್ಟು ವರ್ಷದಿಂದ?’
ಹತ್ತೊಂಬತ್ತು.
‘ಇಳಿಯುವಾಗ ಬಲ ಮಂಡಿ ನೋಯುತ್ತದೆ.
ಯಾರಿಗೂ ಹೇಳಿಲ್ಲ.’

ನಾನು ಸುಮ್ಮನಿದ್ದೆ.
ಹೊಲಿಗೆ ಯಂತ್ರದ ಮೇಲೆ ಯಾವುದೋ ಮಗುವಿನ
ಒಂಟಿ ಕೆಂಪು ಬೂಟು ಸರದಿ ಕಾಯುತ್ತಿತ್ತು.

‘ಬಲಗಾಲು ಕೆಳಗಿಟ್ಟ ಭಾರವನ್ನೆಲ್ಲ
ಎಡಗಾಲು ಹೊರಮಗ್ಗುಲಿಗೆ ಹೊರಳಿ ಹೊತ್ತಿದೆ.
ಚರ್ಮ ಎಷ್ಟಂತ ಬಾಗೀತು?
ನಡೆಯುವವಳು ವಾಲಿದರೆ ಬೂಟು ಬಿರಿಯುತ್ತದೆ.’
ಬಿರುಕಿಗೊಂದು ತೇಪೆ, ಹಿಮ್ಮಡಿಗೊಂದು ಓರೆ ಚೂರು,
ಹನ್ನೆರಡು ಪೌಂಡ್.
ಮಂಡಿಗೆ ಏನೂ ತೆಗೆದುಕೊಳ್ಳಲಿಲ್ಲ.

ಇವತ್ತು ಹಾಳೆ ಕಳಿಸಬೇಕಾದ ದಿನ.
ಎಡಗಡೆಯ ನಾಲ್ಕನ್ನು ಹೊಡೆದುಹಾಕಿ
ಎಂಟು ಬರೆದೆ. ಸ್ವಲ್ಪ ಹೊತ್ತು ನೋಡಿದೆ.
ಕಾಲು ಒದ್ದೆಯಾದದ್ದೇನೂ ಸುಳ್ಳಲ್ಲ,
ಕನಿಕರಕ್ಕೆ ನೀರು ನಿಲ್ಲುವುದಿಲ್ಲ.
ಎಂಟನ್ನೂ ಹೊಡೆದು ಮತ್ತೆ ನಾಲ್ಕೇ ಬರೆದೆ;
ಜಾಗ ಸಾಲದೆ ಅಂಚಿಗೆ ಹೋಯಿತು.

ಕೊನೆಯ ಪ್ರಶ್ನೆ:
ಇನ್ನೊಬ್ಬರಿಗೆ ಶಿಫಾರಸು ಮಾಡುವಿರಾ?
ಬರೆದೆ: ನೇರ ನಡೆಯುವವರಿಗೆ, ಖಂಡಿತ.
ಅಂಥವರು ಸಿಕ್ಕರೆ ನನಗೂ ತಿಳಿಸಿ.

ಲಕೋಟೆ ಅಂಟಿಸಿ, ಮೇಜು ಹಿಡಿದು ಏಳುವಾಗ
ಮಂಡಿ ಲಟಕ್ಕೆಂದಿತು.
ಬಾಗಿಲ ಬಳಿಯ ಜೋಡಿಗೆ
ಅದೇನೂ ಹೊಸ ಸುದ್ದಿಯಲ್ಲ.