ದೇವಿಯ ಪರವಾಗಿ

ವಾಸಿಯಾದ ಮನೆಗಳಿಗೆ ಹೋಗುವವರು ಬೇರೆ.
ಅವರಿಗೆ ಕೆಂಪು ಶಾಲು, ಬಾಗಿಲಲ್ಲೇ ಬಿಸಿ ಹಾಲು,
ಹೊರಡುವಾಗ ಎಲೆಯಲ್ಲಿ ಸುತ್ತಿದ ಹಾವುಮೀನು.
ನಾನು ಇನ್ನೊಂದು ಪಂಗಡದವಳು.
ಓಯ್ಲೆ ಕೈಬಿಟ್ಟ ಮನೆಗೆ
ಮಾರನೆಯ ಬೆಳಗು ಬರಿಗಾಲಲ್ಲಿ ಹೋಗಿ
ಹೊಸ್ತಿಲಾಚೆ ಕೂತು
ಅವಳ ಪರವಾಗಿ ತಪ್ಪಾಯಿತೆನ್ನುವವಳು.

ಉಣ್ಣೆ ಮಾರಲು ಬರುವ ಪರಸೀಮೆಯವರು ನಗುತ್ತಾರೆ:
ದೇವರೆಂದರೆ ತಪ್ಪೊಪ್ಪಿಕೊಳ್ಳುವುದುಂಟೆ?
ಅವರ ದೇವರುಗಳು ಗುಡ್ಡದ ಮೇಲಿರುತ್ತಾರೆ.
ನಮ್ಮವಳು ಒಲೆಯ ಹಿಂದೆ, ಮಸಿಯಲ್ಲಿ,
ನಾವು ಕುಡಿದ ಗಂಜಿಯನ್ನೇ ಕುಡಿದು ಇರುವವಳು.
ಉಂಡ ಮನೆಗೆ ಲೆಕ್ಕ ಒಪ್ಪಿಸದೆ ಆದೀತೆ?

ಬಾರ್ಶಾದ ಜೌಗಿನಲ್ಲಿ ಮನೆಗಳಿಗೆ ಕಾಲುಗಳಿವೆ.
ಉಬ್ಬರಕ್ಕೆ ಇಡೀ ಊರು
ಕೊಕ್ಕರೆಯ ಹಿಂಡಿನಂತೆ ನೀರಲ್ಲಿ ನಿಲ್ಲುತ್ತದೆ.
ಜ್ವರ ಹೊಕ್ಕ ಮನೆಯ ಒಲೆ ಆರಿಸಿ
ಏಳು ಮನೆಯ ಕೆಂಡದಿಂದ ಹೊತ್ತಿಸುವುದು ನಮ್ಮ ಕ್ರಮ.
ಅಲುಗುವ ಹಲಗೆಯ ಮೇಲೆ ಏಳು ಜನ
ಚಿಪ್ಪಿನಲ್ಲಿ ಕೆಂಡ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ಬರುವಾಗ
ಓಯ್ಲೆಯೇ ಬಂದಳು ಎನ್ನುತ್ತೇವೆ.
ಬಹಳ ಸಲ ಬರುತ್ತಾಳೆ.

ಗರ್ದೂಕನ ಮನೆಗೆ ಬರಲಿಲ್ಲ.
ಏಳು ಕೆಂಡವೂ ಉರಿದವು. ಎಂಟನೆಯದನ್ನು,
ಕ್ರಮ ಮೀರಿ, ದೋಣಿಗೆ ಅಂಟು ಬಳಿಯುವ ಮರ್ಯೂಖೆ
ಬೊಗಸೆ ಸುಟ್ಟುಕೊಂಡು ತಂದಳು.
ಒಂಬತ್ತು ವರ್ಷದ ಸಿಂತೆ
ಒಲೆಯತ್ತ ಮುಖ ಮಾಡಿಯೇ ತಣ್ಣಗಾದಳು.

ಹೋದೆ. ಬಟ್ಟಲು ತುಂಬ ಉಪ್ಪುನೀರಿಟ್ಟೆ.
ಬಾಯಿಪಾಠದ ಮಾತು ಹೇಳಿದೆ:
ಬರುತ್ತೇನೆಂದವಳು ಬರಲಿಲ್ಲ.
ದಾರಿಯಲ್ಲಿ ಏನಾಯಿತೋ ಕಾಣೆವು.
ನೀವು ಬಾಗಿಲು ತೆರೆದಿಟ್ಟಿದ್ದಿರಿ. ತಪ್ಪು ನಿಮ್ಮದಲ್ಲ.
ಗರ್ದೂಕ ಬಟ್ಟಲನ್ನು ಒದ್ದ.
ಅದಕ್ಕೂ ಕ್ರಮವಿದೆ: ತುಂಬಿಸಿ ಮತ್ತೆ ಇಡಬೇಕು.

ಎರಡನೆಯ ದಿನ ಒದ್ದ. ಮೂರಕ್ಕೆ ಉಗಿದ.
ನಾಲ್ಕಕ್ಕೆ, ನಿನಗೆಷ್ಟು ಮಕ್ಕಳು ಅಂದ.
ಇಲ್ಲ ಅಂದೆ.
ಮತ್ತೆ ನಿನಗೇನು ಗೊತ್ತು ಅಂದ.
ಗೊತ್ತಿಲ್ಲ ಅಂದೆ.
ಅದು ಪಾಠದಲ್ಲಿಲ್ಲದ ಮಾತು.

ಹಲ್ಲಿಲ್ಲದ ನನ್ನ ಗುರು ಒಸ್ರಿಕೆ ಹೇಳುತ್ತಿದ್ದಳು:
ಕ್ಷಮಿಸಲಿ ಅಂತ ಕೂರಬೇಡ, ತೆಮಿರ್.
ಬಯ್ಯಲು ಅವರಿಗೊಂದು ಮುಖ ಬೇಕು.
ಗೋಡೆ ಸುಮ್ಮನಿದ್ದುಬಿಡುತ್ತದೆ,
ನೀನು ಕಣ್ಣಾದರೂ ಮಿಟುಕಿಸುತ್ತೀ.

ಒಂಬತ್ತನೆಯ ರಾತ್ರಿ, ಕಾಲು ಮರಗಟ್ಟಿ,
ಆಲಿಕಲ್ಲು ಬಟ್ಟಲಿಗೆ ಟಣ್ಣೆಂದು ಬೀಳುವಾಗ
ನಾನೂ ಬೈದೆ ಅವಳನ್ನು,
ಎಲ್ಲಿ ಹಾಳಾಗಿ ಹೋಗಿದ್ದೆಯೇ ಅವತ್ತು ಅಂತ.
ಒಳಗೆ ಕೇಳಿಸಿತೋ ಏನೋ.
ಗರ್ದೂಕನ ಕೆಮ್ಮು ಒಂದು ಗಳಿಗೆ ನಿಂತಿತು.

ಹನ್ನೊಂದಕ್ಕೆ ಬಾಗಿಲು ತೆರೆದ.
ಹರಿದ ಬಲೆಯ ಒಂದು ತುದಿ ನನ್ನತ್ತ ಎಸೆದು
ಹಿಡಿ ಅಂದ, ಅಷ್ಟೆ.
ಆ ತುದಿಯಲ್ಲಿ, ಮೊಣಕಾಲೆತ್ತರಕ್ಕೆ,
ಪುಟ್ಟ ಹಿಡಿಕೆಯೊಂದಿತ್ತು, ನೀಲಿ ಚಿಂದಿ ಸುತ್ತಿದ್ದು.
ಅದನ್ನು ಬಿಟ್ಟು ಪಕ್ಕಕ್ಕೆ ಹಿಡಿದೆ.

ಕರೆಯದೆ ನಾನು ಹೊಸ್ತಿಲು ದಾಟುವಂತಿಲ್ಲ.
ಅವನು ಒಳಗೆ, ನಾನು ಹೊರಗೆ,
ನಡುವೆ ಬಲೆ, ಬಲೆಯ ತೂತಿನಲ್ಲಿ ಒಲೆಯ ಬೆಳಕು.
ಗಂಟಿನ ಮೇಲೆ ಗಂಟು.
ಮಧ್ಯಾಹ್ನದ ಹೊತ್ತಿಗೆ ನೂಲು ಒಣಗಿ ಜಾರತೊಡಗಿತು.
ನೀರಿಗಾಗಿ ಅತ್ತಿತ್ತ ನೋಡಿದ.
ಮತ್ತೆ, ನನ್ನ ಮುಖ ನೋಡದೆಯೇ,
ನನ್ನ ಬಟ್ಟಲಿನಲ್ಲಿ ನೂಲು ಅದ್ದಿದ.

ಮಠದ ಕಡತದಲ್ಲಿ ಎರಡೇ ಸಾಲು:
ಒಪ್ಪಿದರು, ಒಪ್ಪಲಿಲ್ಲ.
ಲೆಕ್ಕದವಳು ಲೇಖನಿ ಎತ್ತಿಕೊಂಡು ಕೂತಿದ್ದಳು.
ನೂಲು ಒದ್ದೆಯಾಯಿತು ಎಂದು ಬರೆ ಅಂದೆ.
ಅದಕ್ಕೆ ಜಾಗವಿಲ್ಲ ಅಂದಳು.
ಅಂಚಿನಲ್ಲಿ ಬರೆ ಅಂದೆ.
ನಾಳೆ ಬೇಗ ಹೋಗಬೇಕು,
ಇನ್ನೂ ಅರ್ಧ ಬಲೆ ಇದೆ.