ನಡಾವಳಿ ಪುಸ್ತಕದ ಅಂಚಿನಲ್ಲಿ

ಏಪ್ರಿಲ್ ಒಂದಕ್ಕೆ ಹೊಸ ಪುಸ್ತಕ.
ರಟ್ಟಿಗೆ ಕುಂಕುಮ ಹಚ್ಚಿದವರು ಯಾರೆಂದು ಕೇಳಬೇಡಿ,
ಸರಕಾರಿ ಕಚೇರಿ ಇದು.
ಇನ್ನೂರು ಪುಟ ಎಣಿಸಿ, ಒಂದೊಂದಕ್ಕೂ ಸಿಕ್ಕಾ ಒತ್ತಿ
ಮೊದಲ ಸಾಲು ಬರೆದೆ:
ಬಂಕಾಪುರ ಪುರಸಭೆಯ ಸಾಮಾನ್ಯ ಸಭೆ. ಕೋರಂ ಇದೆ.
ಕೋರಂ ಆಗಲು ಹನ್ನೊಂದೂವರೆಗೆ
ಗಿರ್ಮಿಟ್ಟು, ಮಿರ್ಚಿ ಬರಬೇಕಾಯಿತು.
ಅದನ್ನು ಬರೆಯಲಿಲ್ಲ.

ಇಪ್ಪತ್ತಾರು ವರ್ಷದಿಂದ ಹೀಗೆ
ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಬರೆಯುತ್ತೇನೆ.
“ನಿಮ್ಮಪ್ಪನ ಮನಿ ರೊಕ್ಕೇನಲೇ?” ಎಂದು
ಏಳನೇ ವಾರ್ಡಿನ ಹಳವಳ್ಳಿ ಮೇಜು ಗುದ್ದಿದರೆ
‘ಮಾನ್ಯ ಸದಸ್ಯರು ವೆಚ್ಚದ ವಿವರಣೆ ಕೋರಿದರು.’
ಗುದ್ದಿಗೆ ಉರುಳಿದ ಚಹಾ
ಎಂಟನೇ ಪುಟದಲ್ಲಿ ಇನ್ನೂ ಇದೆ, ಕಂದು ಬಣ್ಣದ ಒಂದು ನಕಾಶೆ.
ಆಡಿಟ್‌ನವರು ಕೇಳಿದರೆ
ಯಾವ ಠರಾವಿನ ಪ್ರಕಾರ ಎನ್ನಲಿ?

ವಿಷಯ ಸಂಖ್ಯೆ ಹನ್ನೆರಡು:
ಕೋಟೆ ಓಣಿಯ ಕಡೆಯ ಕಂಬಕ್ಕೆ ದೀಪ.
ಅರ್ಜಿದಾರರು ಫಕ್ಕೀರವ್ವ ಕೋಂ ಚನಬಸಪ್ಪ ಹೊಸಪೇಟಿ,
ಉದ್ಯೋಗ ಹೂ ಕಟ್ಟುವುದು.
ಚರ್ಚಿಸಿ, ಮುಂದಿನ ಸಭೆಗೆ ಮುಂದೂಡಲಾಯಿತು.

ಬೇಸಿಗೆಗೆ ನೀರು ಎಂಟು ದಿನಕ್ಕೊಮ್ಮೆ.
ವಾಲ್‌ಮನ್ ಹಜರತಸಾಬ ರಾತ್ರಿ ಎರಡಕ್ಕೆ
ಕಬ್ಬಿಣದ ಕೀಲಿ ಹೆಗಲಿಗಿಟ್ಟು ಓಣಿ ಹೊಕ್ಕರೆ
ಕೊಡಗಳು ಅವನಿಗಿಂತ ಮೊದಲೇ ಎದ್ದು ಸಾಲಾಗಿವೆ.
ಯಾವ ಮನೆಯಲ್ಲಿ ಕೆಮ್ಮು, ಯಾವ ಮನೆಯಲ್ಲಿ
ಗಂಡ ಹೆಂಡಿರ ಮಾತು ನಿಂತು ಎಷ್ಟು ದಿನ,
ಎಲ್ಲಾ ಅವನಿಗೆ ಗೊತ್ತು.
ಕೇಳಿದರೆ, “ನೀರ್ ಬಿಡೂದಷ್ಟ ನನ್ನ ಕೆಲಸಾರೀ ಬಾಯಾರ.”

ಮಳೆ ಬಂತು. ಗಟಾರ ತನ್ನ ಅಂದಾಜುಪಟ್ಟಿಯನ್ನು
ತಾನೇ ತಂದು ಕಚೇರಿಯ ಮೆಟ್ಟಿಲಿಗಿಟ್ಟಿತು.
ಮುಖ್ಯಾಧಿಕಾರಿ ಬದಲಾದರು. ಮತ್ತೆ ಬದಲಾದರು.
ಹಲಗೆಯ ಮೇಲೆ ಹೊಸ ಹೆಸರು ಒಣಗುವ ಮುಂಚೆ
ಕೆಳಗಿನ ಹಳೆಯ ಹೆಸರು ಇಣುಕಿ ನೋಡುತ್ತದೆ.
ವಿಷಯ ಹನ್ನೆರಡು ಮುಂದೂಡಲಾಯಿತು.

ಸೆಪ್ಟೆಂಬರ್ ಇಪ್ಪತ್ಮೂರು, ಪೌರಕಾರ್ಮಿಕರ ದಿನ:
ಶಾಲು, ಹಾರ, ಭಾಷಣ, ಗೋಧಿ ಹುಗ್ಗಿ.
ಸಂಜೆ ಆ ಎಂಜಲೆಲೆ ಎತ್ತಿದವಳೂ
ಶಾಲು ಹೊದ್ದ ಹುಲಿಗೆವ್ವನೇ.
ಜೂನಿನಲ್ಲಿ ಮಂಜೂರಾದ ಕೈಗವಸು
ಜನವರಿಗೆ ಬಂದವು, ಗಂಡಸರ ಅಳತೆಯವು.
ತೊಟ್ಟು, ಒಮ್ಮೆ ಚಪ್ಪಾಳೆ ತಟ್ಟಿ ನೋಡಿ ನಕ್ಕಳು:
“ಯಾರದೋ ಕೈ ಕಡಾ ತಂದಂಗ ಆತು.”
ನಾನು ಬರೆದದ್ದು: ಸಾಮಗ್ರಿ ವಿತರಿಸಲಾಗಿದೆ.

ಅಧ್ಯಕ್ಷೆ ಶಾವಂತ್ರವ್ವನ ಗಂಡ
ವರ್ಷವಿಡೀ ಪಕ್ಕದ ಕುರ್ಚಿಯಲ್ಲೇ ಕೂತು ಉತ್ತರ ಕೊಟ್ಟ.
ಬಜೆಟ್ ದಿನ ಅವನಿಗೆ ಹಲ್ಲುನೋವು.
ಆಕೆ ಕನ್ನಡಕ ಏರಿಸಿ ಅಂಕಿಗಳ ಮೇಲೆ ಬೆರಳಿಟ್ಟು,
ಕೊಡ ಎಣಿಸುವ ಹಾಗೆ ಎಣಿಸುತ್ತ ಹೋಗಿ, ನಿಂತಳು:
“ಫಿನಾಯಲ್ ಇಷ್ಟ್ಯಾಕ? ಇಷ್ಟಕ್ಕ ಎರಡ ಓಣಿಗೆ ದೀಪಾ ಬರತಾವ.”
ಫ್ಯಾನಿನ ಸದ್ದು ಕೇಳಿಸಿತು.
ಹಳವಳ್ಳಿ ಮೇಜು ಗುದ್ದಲಿಲ್ಲ.

ಹಾಗೆ ಬಂತು ದೀಪ, ಫೆಬ್ರವರಿಯ ಒಂದು ಮಂಗಳವಾರ.
ಹದಿನೈದು ದಿನಕ್ಕೆ ಫಕ್ಕೀರವ್ವ ಮತ್ತೆ ಹಾಜರು,
ಕೈಯಲ್ಲಿ ಹೊಸ ಅರ್ಜಿ:
“ಬೆಳಕ ಚಲೋ ಐತ್ರೀ, ಹೂ ಕಟ್ಟಾಕ ಕಣ್ಣ ತೊಂದ್ರಿಲ್ಲ.
ಆದ್ರ ಕೋಟ್ಯಾಗಿನ ನವಲು ಬೆಳಗಾತಂತ ತಿಳಕೊಂಡು
ರಾತ್ರಿ ಎಲ್ಲಾ ಒದರತಾವು. ಮಂದಿ ನನ್ನ ಬೈತಾರ.
ಹನ್ನೊಂದಕ್ಕ ಒಂಚೂರು ಆರಸ್ತೀರೇನು?”

ಮುಂದೂಡಲಾಯಿತು ಎಂದು ಬರೆಯಲು
ಪೆನ್ನು ತಾನಾಗಿಯೇ ಹೊರಟಿತ್ತು.
ಬಾಗಿಲ ಬಳಿ ಕೀಲಿ ಒರಸುತ್ತಿದ್ದ ಹಜರತಸಾಬ ಅಂದ:
“ಕಾಗದದಾಗ ಬ್ಯಾಡ್ರೀ ಬಾಯಾರ.
ಗುಂಡಿ ಕೈಗೆ ನಿಲಕತೈತಿ.
ಉಂಡ ಮ್ಯಾಲ ಆ ಕಡೆ ಅಡ್ಡಾಡಾಕ ಹೋಗ್ತೀನಿ,
ಒತ್ತಿ ಬರ್ತೀನಿ.”

ಆಕೆ ಮೇಜಿನ ಮೇಲೆ ಒಂದು ಮೊಳ ಮಲ್ಲಿಗೆ ಬಿಟ್ಟುಹೋದಳು.
ಆವಕ ವಹಿಯಲ್ಲಿ ನಮೂದಿಸಲಿಲ್ಲ, ಮುಡಿದುಕೊಂಡೆ.

ಮಾರ್ಚ್ ಮೂವತ್ತೊಂದು. ಬಿಲ್ಲುಗಳು, ಬಿಲ್ಲುಗಳು.
ರಾತ್ರಿ ಹತ್ತಾಯಿತು. ಇನ್ನೂರನೆಯ ಪುಟ.
ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು.
ಸಹಿಯ ಕೆಳಗೆ ಎರಡು ಬೆರಳು ಜಾಗ ಉಳಿದಿತ್ತು.
ಯಾರೂ ಏನೂ ಸೇರಿಸಬಾರದೆಂಬುದು ನಿಯಮ.
ಕೋಟೆಯ ಕಡೆ ಒಂದು ನವಿಲು ಕೂಗಿ ಸುಮ್ಮನಾಗುವವರೆಗೆ ಕಾದು
ಅಡ್ಡಗೆರೆ ಎಳೆದೆ.