ರಸಮಟ್ಟ

ಟಿಕೆಟು ಕೊಂಡು ಹತ್ತುವ ರೈಲು
ಆರ್ಕ್ನಿಗೆ ಎಂದೂ ಬಂದದ್ದಿಲ್ಲ.
ಎರ್ಲೆಂಡ್ ಇಸ್ಬಿಸ್ಟರ್ ಮೊದಲ ಸಲ ರೈಲು ಕಂಡದ್ದು
ಹತ್ತೊಂಬತ್ತಕ್ಕೆ, ಹಡಗಿಳಿದು, ಥರ್ಸೋ ಸ್ಟೇಷನ್ನಿನಲ್ಲಿ.
ಹತ್ತಲಿಲ್ಲ. ನಿಂತು ನೋಡಿದ. ಅದು ಹೊರಟಿತು.
ಈಗ ಫೆರ್ರಿಯ ಎಂಜಿನ್ ಕೋಣೆಯಲ್ಲಿ ಕೆಲಸ,
ರಜೆ ಸಿಕ್ಕಾಗಲೆಲ್ಲ ಹಿತ್ತಲಿಗೆ ಹಳಿ ಹಾಸಿದ:
ಮೂರು ಬೆರಳಗಲದ ದಾರಿ,
ಕೋಸಿನ ಪಾತಿ ಬಳಸಿ, ಕಲ್ಲುಗೋಡೆಯ ಗುಂಟ,
ಇಳಿಜಾರಿಗೆ ಹನ್ನೊಂದು ಕಮಾನಿನ ಸೇತುವೆ,
ಒಂದು ಸುರಂಗ, ಅದು ಹಳೆಯ ಚರಂಡಿ ಕೊಳವೆ.

ಜನವರಿಯ ಗಾಳಿ ಮೂರು ರಾತ್ರಿ ಬೀಸಿತು.
ಇಲ್ಲಿ ಬೀಳಲು ಮರಗಳಿಲ್ಲ,
ಹಾಗಾಗಿ ಬೇರೆಯವು ಹಾರುತ್ತವೆ.
ಕೋಳಿಗೂಡು. ಕಸದ ಡಬ್ಬ. ಯಾರದೋ ಹೊಸ ಬಾಗಿಲು.
ನಮ್ಮ ಟ್ರ್ಯಾಂಪೊಲಿನ್.
ಗಾಳಿ ಬಂದಾಗ ತೂರಿಕೋ ಎಂಬ ಗಾದೆ
ನಡುನಡುವೆ ಗಾಳಿ ನಿಲ್ಲುವ ಊರಿನದಿರಬೇಕು.

ಬೆಳಕು ಹರಿಯುವಾಗ ಒಂಬತ್ತು ಗಂಟೆ.
ಗೋಡೆಯಾಚೆ ನೋಡಿದೆ: ಸೇತುವೆಯ ಮೇಲೆ
ಅಂಗಾತ ಬಿದ್ದಿತ್ತು, ಆರೂ ಕಾಲೆತ್ತಿ,
ಸತ್ತ ಏಡಿಯ ಹಾಗೆ.
ಹನ್ನೊಂದು ಕಮಾನಿನಲ್ಲಿ ಉಳಿದದ್ದು ನಾಲ್ಕು.
ಸುರಂಗದೊಳಗೆ ಕಡಲಪಾಚಿ ಇಡುಕಿರಿದಿತ್ತು,
ಕಡಲಿರುವುದು ಅರ್ಧ ಮೈಲಿ ಆಚೆ!
ಹಳಿಗೆಲ್ಲ ಉಪ್ಪಿನ ಬಿಳಿ ಪೊರೆ.

ಏನು ಹೇಳಲಿ? ಹೋಗಿ ಕ್ಷಮಿಸು ಎಂದೆ.
ದುಡ್ಡು ಕೊಡುತ್ತೇನೆ ಎಂದೆ.
ಹಿತ್ತಾಳೆಯ ಹಳಿಗೆ ಸಿಕ್ಕಿಕೊಂಡ ಸ್ಪ್ರಿಂಗೊಂದನ್ನು ಬಿಡಿಸುತ್ತ ಅವನು
"ನಿನ್ನ ಹತ್ತಿರ ಏಳನೇ ನಂಬರಿನ ಸ್ಪ್ಯಾನರ್ ಇದೆಯಾ?" ಅಂದ.

ಹಾಗೆ ಶುರುವಾಯಿತು. ಶನಿವಾರಗಳು.
ನಾನು ಸಿಮೆಂಟು ಕಲಸುವವಳು,
ಅವನು ಅಚ್ಚಿಗೆ ಸುರಿದು ಕಮಾನು ಎರೆಯುವವನು,
ನನ್ನ ಮಗಳು ಥೋರಾ, ಎಂಟು ವರ್ಷ,
ಕೋಳಿಗೆ ಹಾಕುವ ಕಲ್ಲುನುಚ್ಚನ್ನು ಚಮಚದಲ್ಲಿ
ಸ್ಲೀಪರುಗಳ ನಡುವೆ ತುಂಬಿ
ಹಲ್ಲುಜ್ಜುವ ಬ್ರಷ್ಷಿನಿಂದ ತೀಡುವವಳು.
ಬಾಗಿದ ಹಳಿಯನ್ನು ಅವನು ಬಡಿಯಲಿಲ್ಲ;
ಮೊಣಕಾಲ ಮೇಲಿಟ್ಟು, ಹೆಬ್ಬೆರಳಿನಲ್ಲಿ,
ಕೂಸಿನ ಕಾಲಿಗೆ ಎಣ್ಣೆ ನೀವುವ ಹಾಗೆ,
ಮತ್ತೆ ಮತ್ತೆ ಒಂದು ಕಣ್ಣು ಮುಚ್ಚಿ ನೋಡುತ್ತ.
"ಆತುರಪಟ್ಟರೆ ಅದು ನೆನಪಿಟ್ಟುಕೊಳ್ಳುತ್ತೆ" ಅಂದ.

ಮಾರ್ಚಿನ ಒಂದು ಮಧ್ಯಾಹ್ನ, ಏಳನೆಯ ಕಮಾನು.
ಥೋರಾ ರಸಮಟ್ಟ ಹಿಡಿದಿದ್ದಳು.
ಹಸಿರು ದ್ರವದಲ್ಲಿ ಗುಳ್ಳೆ
ಎರಡು ಗೆರೆಗಳ ನಡುವೆ ನಿಲ್ಲಲೊಲ್ಲದು.
"ಹಗ್ಗ ಬಿಚ್ಚಿದ್ದು ನಾನು" ಅಂದಳು.
ಯಾವ ಹಗ್ಗ ಎಂದು ಯಾರೂ ಕೇಳಲಿಲ್ಲ.
"ಸ್ಲೆಡ್ಜಿಗೆ ಬೇಕಿತ್ತು. ವಾಪಸು ಕಟ್ಟಬೇಕು ಅಂತಿದ್ದೆ."
ಎರಡು ತಿಂಗಳು ಇದನ್ನು ಒಳಗಿಟ್ಟುಕೊಂಡೇ
ಕಲ್ಲುನುಚ್ಚು ಸುರಿದಿದ್ದಾಳೆ, ಒಂದೊಂದೇ ಚಮಚ.
ನಾನು ಬಾಯಿ ತೆರೆದೆ.
ಎರ್ಲೆಂಡ್ ಗುಳ್ಳೆಯಿಂದ ಕಣ್ಣು ಕೀಳಲಿಲ್ಲ.
"ಎಡಗಡೆ ಒಂದು ಕೂದಲೆಳೆ ಎತ್ತು" ಅಂದ.
ಎತ್ತಿದಳು.
"ಇನ್ನೂ ಅರ್ಧ. ಹ್ಞಾಂ. ಈಗ ಉಸಿರು ಬಿಡು."

ಏಪ್ರಿಲಿನಲ್ಲಿ ಸಿರಿಂಜಿನಿಂದ ನೀರು ಕುಡಿಸಿ
ಬೆಂಕಿ ಹೊತ್ತಿಸಿದೆವು. ಎಂಜಿನ್ನು ಎರಡು ಸಲ ಕೆಮ್ಮಿ ಹೊರಟಿತು.
ಎಂಟನೆಯ ಕಮಾನಿನ ಮೇಲೆ ಈಗಲೂ ಸಣ್ಣಗೆ ಓಲುತ್ತದೆ.
ತಪ್ಪು ನನ್ನದು, ಆವತ್ತು ಸಿಮೆಂಟು ನೀರಾಗಿತ್ತು.
ಒಡೆದು ಕಟ್ಟೋಣವೇ ಅಂದರೆ ಇರಲಿ ಅನ್ನುತ್ತಾನೆ.
ಟ್ರ್ಯಾಂಪೊಲಿನ್ನಿನ ಬಲೆ ಅವನ ಕೋಸಿನ ಮೇಲಿದೆ,
ನಾಲ್ಕು ಮೂಲೆಗೂ ಥೋರಾ ಕಟ್ಟಿದ ಗಂಟು,
ಒಂದೊಂದೂ ಮುಷ್ಟಿ ಗಾತ್ರ.

ಒಂದು ಡಬ್ಬಿ ಮಾತ್ರ ಸಿಗಲೇ ಇಲ್ಲ,
ಹಸಿರು ಬಣ್ಣದ್ದು, ಸಾಲಿನ ಕೊನೆಯದು.
ಶಾಲೆ ಬಿಟ್ಟ ಮೇಲೆ ಥೋರಾ ದಂಡೆಯಲ್ಲಿ ಹುಡುಕಿ ಬರುತ್ತಾಳೆ.
ನಾರ್ವೆ ಮುಟ್ಟಿರುತ್ತದೆ ಬಿಡು, ಅನ್ನುತ್ತಾನೆ ಎರ್ಲೆಂಡ್,
ಚಹಾದ ಲೋಟ ಗೋಡೆಯ ಮೇಲಿಟ್ಟು,
ಸ್ವಲ್ಪ ಜಂಬದಲ್ಲೇ:
ನಮ್ಮ ರೈಲು ಅಷ್ಟು ದೂರ ಹೋದದ್ದು
ಇದೇ ಮೊದಲು.